ನಾಲ್ಕು ಗಂಟೆಯ ದಾರಿ

'ಗೊತ್ತಿಲ್ಲ' ಎಂದರೆ ನಾಲಿಗೆ ಉದುರಿಬಿದ್ದೀತು ಎಂದು ಹೆದರುವ ಗಂಡಸು ಪ್ರತಿ ಬೀದಿಯಲ್ಲೂ ಒಬ್ಬನಾದರೂ ಇರುತ್ತಾನೆ. ದಾರಿ ಕೇಳಿದರೆ ತಪ್ಪು ದಾರಿಯನ್ನಾದರೂ ತೋರಿಸಿಯೇ ಕಳಿಸುತ್ತಾನೆ. ಸುಮ್ಮನೆ ತೋರಿಸುವುದೂ ಅಲ್ಲ. ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದು, ತಪ್ಪು ತಿರುವಿನಲ್ಲಿ ನಿಲ್ಲಿಸಿ, ಬೆನ್ನು ತಟ್ಟಿ ಹೋಗುತ್ತಾನೆ. ನಾವು ಅಂಥವನನ್ನು 'ತಿಳಿದವರು' ಎಂದು ಕರೆದು ಕುರ್ಚಿ ಹಾಕಿ ಕೂರಿಸುತ್ತೇವೆ. ಮೈಲಿಗಲ್ಲು ಎಂಬುವನಿಗೂ ಹಾಗೆ ಒಂದು ಕುರ್ಚಿ ಸಿಕ್ಕಿತ್ತು.

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ತಲೆ ನರೆಯುವವರೆಗೂ ಕೂತವನು ಅವನು. ಯಾವ ಊರಿನ ಹೆಸರು ಹೇಳಿದರೂ ಎಷ್ಟು ದೂರ, ಎಷ್ಟು ಹೊತ್ತು, ನಡುವೆ ಎಲ್ಲಿ ಕಾಫಿಗೆ ನಿಲ್ಲುತ್ತದೆ ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಕೂಲಿಗಳು ಇಟ್ಟ ಹೆಸರು ಮೈಲಿಗಲ್ಲು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಅದೇ ಬಿರುದಾಯಿತು. ಅವನ ಲೆಕ್ಕ ಬಹಳ ಸರಳ. ಬಸ್ಸು ತಲುಪುವ ಹೊತ್ತಿನಲ್ಲಿ ಹೊರಡುವ ಹೊತ್ತು ಕಳೆದರೆ ಉಳಿದದ್ದು ಪ್ರಯಾಣ. ಈ ಲೆಕ್ಕ ಅವನಿಗೆ ಒಂದು ದಿನವೂ ಕೈಕೊಟ್ಟಿರಲಿಲ್ಲ. ಯಾಕೆ ಕೊಡುತ್ತದೆ? ಬಸ್ಸು ಹೊರಡುವ ಊರಿನಲ್ಲೂ ತಲುಪುವ ಊರಿನಲ್ಲೂ ಗಡಿಯಾರ ಒಂದೇ ಹೊತ್ತು ತೋರಿಸುತ್ತದೆ.

ನಿವೃತ್ತಿಯಾಯಿತು, ಹಿಂದೆಯೇ ಹೆಂಡತಿ ತೀರಿಕೊಂಡಳು. ಮನೆಯ ಗೋಡೆ ನೋಡುತ್ತ ಕೂತ ಅಪ್ಪನನ್ನು ಮಗಳು ತನ್ನ ಅಂಗಡಿಗೆ ಕರೆತಂದಳು. ಅವಳದು ವಿಮಾನದ ಟಿಕೆಟ್ ಮಾಡಿಕೊಡುವ ಸಣ್ಣ ಅಂಗಡಿ. ಔಷಧಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಒಂದೇ ಕೋಣೆ. ಒಂದು ಕಂಪ್ಯೂಟರು, ಗಿರಾಕಿಗಳಿಗೆ ಎರಡು ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ಜಗತ್ತಿನ ನಕ್ಷೆ. ನಕ್ಷೆಯ ಮೇಲೆ ಸಾಲಾಗಿ ಮೂರು ಗಡಿಯಾರ. ಮೂರು ದೇಶದ ಹೊತ್ತು ತೋರಿಸಲೆಂದು ಹಾಕಿದ್ದು, ನಡುವಿನದೊಂದೇ ಓಡುತ್ತಿತ್ತು. ಉಳಿದ ಎರಡಕ್ಕೆ ಸೆಲ್ ಹಾಕುವ ಗೋಜಿಗೆ ಯಾರೂ ಹೋಗಿರಲಿಲ್ಲ. "ಅವು ಶೋಕಿಗೆ ಇರೋದು," ಎಂದು ಮೈಲಿಗಲ್ಲೇ ಹೇಳಿದ್ದ. ಆ ಗಡಿಯಾರಗಳ ಕೆಳಗೇ ಅವನ ಕುರ್ಚಿ. ಮಗಳು ಟಿಕೆಟ್ ಮಾಡುವಷ್ಟು ಹೊತ್ತು ಗಿರಾಕಿಗಳ ಜೊತೆ ಮಾತಾಡುತ್ತಿರುವುದು ಅವನ ಕೆಲಸ. ಕೆಲಸ ಅಂತ ಅವನು ಅಂದುಕೊಂಡಿದ್ದ. ಮಗಳಿಗೆ ಅಪ್ಪ ಕಣ್ಣೆದುರು ಇದ್ದರೆ ಸಾಕಾಗಿತ್ತು.

ಅವನ ತಂಗಿ ದೂರದ ದೇಶವೊಂದರಲ್ಲಿ ನರ್ಸು. ಅಲ್ಲೇ ಮದುವೆಯಾಗಿ ಅಲ್ಲೇ ಉಳಿದವಳು. ಅವಳು ಅಕ್ಕನ ಟಿಕೆಟ್ಟಿಗೆ ದುಡ್ಡು ಕಳಿಸಿದಳು. "ಮೊಣಕಾಲು ಆಪರೇಷನ್ ಮಾಡಿಸ್ಕೋತೀನಿ. ನೀನು ಬಂದು ಜೊತೆಗಿರು. ಹಾಗಾದ್ರೂ ನಿನ್ನ ಮುಖ ನೋಡ್ತೀನಿ," ಎಂದಳು.

ಅಕ್ಕ ಎಂದರೆ ಮೂವರಲ್ಲಿ ದೊಡ್ಡವಳು. ಅಪ್ಪ ಸತ್ತ ಮೇಲೆ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗಿ, ತಮ್ಮ ತಂಗಿಯನ್ನು ಓದಿಸಿ, ಅವರಿಬ್ಬರೂ ದಡ ಸೇರುವಷ್ಟರಲ್ಲಿ ತನ್ನ ಮದುವೆಯ ವಯಸ್ಸು ದಾಟಿಸಿಕೊಂಡವಳು. ಆ ಕಾರ್ಖಾನೆಯ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ನಲವತ್ತು ಹೆಂಗಸರ ಒಂದು ಸಾಲಿಗೆ ಒಂದೇ ಒಂದು ಹಿತ್ತಾಳೆಯ ಬಿಲ್ಲೆ, ಮೇಸ್ತ್ರಿಯ ಮೇಜಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಬಾತ್‌ರೂಮಿಗೆ ಹೋಗುವವಳು ಅದನ್ನು ತೆಗೆದುಕೊಂಡು ಹೋಗಬೇಕು. ಅವಳು ಬಂದು ತೂಗುಹಾಕಿದ ಮೇಲೆ ಇನ್ನೊಬ್ಬಳು. ತಡವಾದರೆ ಮೇಸ್ತ್ರಿ ಇಡೀ ಸಾಲಿಗೆ ಕೇಳುವಂತೆ, "ಏನಮ್ಮಾ, ಅಲ್ಲೇನು ಮಲಗಿಬಿಟ್ಟಿದ್ಯಾ?" ಎಂದು ಕೂಗುತ್ತಿದ್ದ. ಒಂದು ಸಲ ಹಾಗೆ ಕೂಗಿಸಿಕೊಂಡ ಅಕ್ಕ ಆಮೇಲೆ ಬಿಲ್ಲೆ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ನೀರು ಕುಡಿಯುವುದನ್ನೇ ಬಿಟ್ಟಳು. ಊಟದ ಗಂಟೆ ಹೊಡೆಯುವವರೆಗೆ ನಾಲ್ಕು ಗಂಟೆ, ಊಟದ ನಂತರ ನಾಲ್ಕು ಗಂಟೆ. ಮೈಯನ್ನು ಹಾಗೆ ಪಳಗಿಸಿಕೊಂಡಳು. ನಾವು ಹಾಕಿಕೊಂಡು ಮೆರೆಯುವ ಅಂಗಿಗಳು ಹೀಗೆ ತಯಾರಾಗುತ್ತವೆ. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಪರಸ್ಥಳದಲ್ಲಿ ಬಾತ್‌ರೂಮು ಕೇಳುವುದೆಂದರೆ ಅವಳಿಗೆ ಬಟ್ಟೆ ಬಿಚ್ಚಿ ಬೀದಿಯಲ್ಲಿ ನಿಂತಂತೆ.

ಅದಕ್ಕೇ ಅವಳು ಒಂದು ದಿನ ಅಂಗಡಿಗೆ ಬಂದು, ಮಗಳು ಪಕ್ಕದಂಗಡಿಗೆ ಹೋಗುವವರೆಗೆ ಕಾದು, ದನಿ ತಗ್ಗಿಸಿ ಕೇಳಿದಳು:

"ಪುಟ್ಟ, ವಿಮಾನದಲ್ಲಿ ಎಷ್ಟು ಹೊತ್ತು ಕೂತಿರಬೇಕೋ?"

ನರೆತ ತಲೆಯ ತಮ್ಮ ಅವಳಿಗೆ ಈಗಲೂ ಪುಟ್ಟನೇ. ಅವನು ಕಂಪ್ಯೂಟರಿನ ಪರದೆಯತ್ತ ಬಗ್ಗಿದ. ಬೆಳಿಗ್ಗೆ ಹತ್ತಕ್ಕೆ ಹೊರಡುತ್ತದೆ, ಮಧ್ಯಾಹ್ನ ಎರಡಕ್ಕೆ ಇಳಿಯುತ್ತದೆ.

"ನಾಲ್ಕೇ ಗಂಟೆ ಅಕ್ಕ. ಹತ್ತಕ್ಕೆ ಹತ್ತಿದ್ರೆ ಎರಡಕ್ಕೆ ಅಲ್ಲಿ."

"ಅಷ್ಟೇನಾ? ಅಷ್ಟು ದೂರ ಅಂತಾರೆ."

"ದೂರ ಎಲ್ಲಿಂದ ಬಂತು? ವಿಮಾನ ಗಂಟೆಗೆ ಒಂಬೈನೂರು ಕಿಲೋಮೀಟರ್ ಹೋಗುತ್ತೆ. ನಾಲ್ಕು ಗಂಟೆಗೆ ಮೂರು ಸಾವಿರದ ಆರುನೂರು. ನಾನಿದೀನಲ್ಲ, ಲೆಕ್ಕ ಹಾಕೋಕೆ."

ಅಕ್ಕನ ಮುಖ ಸಡಿಲವಾಯಿತು. "ಹಾಗಾದ್ರೆ ಅರ್ಧ ಪಾಳಿ ಅನ್ನು. ತಡ್ಕೋತೀನಿ," ಎಂದಳು.

ಅವಳು ಏನು ತಡೆದುಕೊಳ್ಳುವ ಮಾತಾಡುತ್ತಿದ್ದಾಳೆ ಎಂಬುದು ಅವನಿಗೆ ಗೊತ್ತಿತ್ತು. ಬಿಲ್ಲೆಯ ಕತೆ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಇನ್ನೂ ಒಂದು ಉಪಕಾರ ಮಾಡೋಣವೆಂದು ಅವನು ಮಗಳಿಗೆ ಹೇಳಿ ಅಕ್ಕನಿಗೆ ಕಿಟಕಿ ಪಕ್ಕದ ಸೀಟು ಹಾಕಿಸಿದ. "ಮೋಡ ನೋಡ್ಕೊಂಡು ಹೋಗು. ಬಸ್ಸಲ್ಲಿ ಯಾವತ್ತಾದರೂ ನಿನಗೆ ಕಿಟಕಿ ಸೀಟು ಸಿಕ್ಕಿತ್ತಾ?"

ಹೊರಡುವ ಹಿಂದಿನ ದಿನ ಮಗಳು ಹೋಗುವ ಬರುವ ಟಿಕೆಟ್ ಎರಡನ್ನೂ ಮುದ್ರಿಸಿ ಅಪ್ಪನ ಕೈಗೆ ಕೊಟ್ಟಳು. ಅವನು ಕನ್ನಡಕ ಏರಿಸಿಕೊಂಡು ವಾಪಸಿನದನ್ನು ನೋಡಿದ. ಮಧ್ಯಾಹ್ನ ಮೂರಕ್ಕೆ ಹೊರಟು, ಮಾರನೆಯ ಬೆಳಿಗ್ಗೆ ಐದೂವರೆಗೆ ತಲುಪುತ್ತದೆ. ಕಳೆದ. ಮತ್ತೆ ಕಳೆದ. ಹದಿನಾಲ್ಕೂವರೆ ಗಂಟೆ!

"ಏನಮ್ಮ ಇದು? ಹೋಗೋಕೆ ನಾಲ್ಕು ಗಂಟೆ, ಬರೋಕೆ ಹದಿನಾಲ್ಕೂವರೆ? ಎದುರು ಗಾಳಿ ಅಷ್ಟೊಂದು ಇರುತ್ತಾ?"

ಮಗಳು ನಕ್ಕುಬಿಟ್ಟಳು. "ಅಪ್ಪಾ, ಅದು ವಿಮಾನ, ಗಾಳಿಪಟ ಅಲ್ಲ. ಟಿಕೆಟ್ಟಲ್ಲಿ ಹಾಕೋದು ಆಯಾ ಊರಿನ ಟೈಮು. ನಮಗೂ ಅವರಿಗೂ ಐದೂವರೆ ಗಂಟೆ ವ್ಯತ್ಯಾಸ. ಹೋಗೋವಾಗ ಅದನ್ನ ಸೇರಿಸ್ಕೋಬೇಕು, ಬರೋವಾಗ ಕಳೀಬೇಕು. ಹೋಗೋಕೆ ಒಂಬತ್ತೂವರೆ, ಬರೋಕೆ ಒಂಬತ್ತು. ದೂರಾನೇ ಎಂಟು ಸಾವಿರ ಕಿಲೋಮೀಟರ್ ಮೇಲಿದೆ. ಇಲ್ನೋಡು, ಇಲ್ಲೇ ತೋರಿಸ್ತಿದೆ."

ಅವನು ನೋಡಿದ. ಅವನಿಗೆ ಇದು ಗೊತ್ತಿರದ ಸಂಗತಿಯೇನಲ್ಲ. ತಂಗಿ ಫೋನು ಮಾಡಿದಾಗಲೆಲ್ಲ ಇಲ್ಲಿ ರಾತ್ರಿಯ ಊಟ, ಅಲ್ಲಿ ಮಧ್ಯಾಹ್ನದ ಊಟ. "ನಿನಗಿನ್ನೂ ಬಿಸಿಲಾ?" ಎಂದು ಪ್ರತಿ ಸಲವೂ ನಗುತ್ತಿದ್ದವನು ಅವನೇ. ಅದೊಂದು ತಮಾಷೆಯಾಗಿ ತಲೆಯ ಒಂದು ಮೂಲೆಯಲ್ಲಿತ್ತು, ಬಸ್ಸಿನ ಲೆಕ್ಕ ಇನ್ನೊಂದು ಮೂಲೆಯಲ್ಲಿತ್ತು. ಎರಡನ್ನೂ ಎದುರುಬದುರು ಕೂರಿಸುವ ತೊಂದರೆ ಅವನು ತೆಗೆದುಕೊಂಡಿರಲಿಲ್ಲ.

"ಅತ್ತೆಗೆ ಗೊತ್ತು ತಾನೇ?" ಮಗಳು ಕೇಳಿದಳು. "ಇಲ್ಲದಿದ್ರೆ ನಾನು ಫೋನ್ ಮಾಡಿ ಹೇಳ್ತೀನಿ."

"ಬೇಡ ಬೇಡ. ಸಂಜೆ ಹೋಗ್ತಿದೀನಲ್ಲ. ನಾನೇ ಹೇಳ್ತೀನಿ."

ಇಲ್ಲಿಯವರೆಗೆ ಆದದ್ದು ತಪ್ಪು. ತಪ್ಪು ಯಾರಿಂದಲೂ ಆಗುತ್ತದೆ. ಮುಂದೆ ಆದದ್ದಕ್ಕೆ ಆ ಹೆಸರು ಸಾಲದು.

ಸಂಜೆ ಅವನು ಹೋದಾಗ ಅಕ್ಕನ ಮನೆ ಜನರಿಂದ ತುಂಬಿತ್ತು. ಕಾರ್ಖಾನೆಯ ಹಳೆಯ ಗೆಳತಿಯರು, ಮಹಡಿಯ ಮನೆಯವರು, ಹಾಲಿನವಳು. ಒಂದೇ ಕೋಣೆಯ ಮನೆಯಲ್ಲಿ ಸೂಟ್‌ಕೇಸು ನಡುವೆ ಬಾಯಿ ತೆರೆದು ಕೂತಿತ್ತು. ಒಬ್ಬಳು, "ಅಲ್ಲಾ, ಎಷ್ಟು ದೂರನೇ ಅದು? ಕೂತು ಕೂತು ಕಾಲು ಊದ್ಕೊಳ್ಳಲ್ವಾ?" ಎಂದಳು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು, ತಮ್ಮನ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದಳು: "ಎಂಥಾ ದೂರ! ನಾಲ್ಕೇ ಗಂಟೆ. ಮೂರು ಸಾವಿರದ ಆರುನೂರು ಕಿಲೋಮೀಟರು. ನನ್ನ ತಮ್ಮ ಕೂತಲ್ಲೇ ಲೆಕ್ಕ ಹಾಕಿ ಹೇಳಿದಾನೆ. ಅಲ್ವೇನೋ?"

ಎಲ್ಲರೂ ಅವನನ್ನು ನೋಡಿದರು. ಒಂದು ಮಾತು ಸಾಕಿತ್ತು. 'ಇಲ್ಲ ಅಕ್ಕ, ನಾನು ಎಡವಿದೆ' ಎಂದಿದ್ದರೆ ಹೆಂಗಸರು ಹೋ ಎಂದು ನಗುತ್ತಿದ್ದರು, ಹಾಲಿನವಳು ನಾಲ್ಕು ಮನೆಗೆ ಹೇಳುತ್ತಿದ್ದಳು, ವಾರ ಕಳೆಯುವಷ್ಟರಲ್ಲಿ ಮರೆತುಹೋಗುತ್ತಿತ್ತು. ಮೈಲಿಗಲ್ಲು ತಲೆಯಾಡಿಸಿದ. ತಲೆಯಾಡಿಸಿದ್ದಷ್ಟೇ ಅಲ್ಲ, "ಗಾಳಿ ಚೆನ್ನಾಗಿದ್ರೆ ಇನ್ನೂ ಬೇಗ," ಎಂದೂ ಸೇರಿಸಿದ.

ಹೇಳುವುದಕ್ಕೆ ಮರುದಿನ ಬೆಳಿಗ್ಗೆಯೂ ಇತ್ತು. ವಿಮಾನ ನಿಲ್ದಾಣಕ್ಕೆ ಅಕ್ಕ ತಮ್ಮ ಇಬ್ಬರೇ ಬಂದಿದ್ದರು. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಅವನು ಮಾತು ಜೋಡಿಸುತ್ತಿದ್ದ. ಟಿಕೆಟ್ ಇಲ್ಲದವರು ಒಳಗೆ ಹೋಗಬಾರದೆಂಬ ಗಾಜಿನ ಬಾಗಿಲಿನ ಮುಂದೆ ಅಕ್ಕ ನಿಂತಳು. ಕೈಚೀಲದಿಂದ ನೀರಿನ ಬಾಟಲಿ ತೆಗೆದು ಅವನ ಕೈಗಿಟ್ಟಳು. ಮುಚ್ಚಳ ಕೂಡ ತೆರೆದಿರಲಿಲ್ಲ.

"ಇದು ನೀನೇ ಇಟ್ಕೊ. ನಾಲ್ಕು ಗಂಟೆಗೆ ನೀರು ಯಾಕೆ? ಬೆಳಿಗ್ಗೆಯಿಂದ ಒಂದು ಗುಟುಕೂ ಕುಡಿದಿಲ್ಲ ನೋಡು," ಎಂದಳು, ಪರೀಕ್ಷೆಗೆ ಚೆನ್ನಾಗಿ ಓದಿಕೊಂಡು ಬಂದವಳಂತೆ.

ಅವನು ಬಾಯಿ ತೆರೆದ.

"ಹೇಳೋ."

"ಜೋಪಾನ ಅಕ್ಕ."

ಅವಳು ಒಳಗೆ ಹೋದಳು. ಅವನು ಅದೇ ಟ್ಯಾಕ್ಸಿಯಲ್ಲಿ ವಾಪಸು ಬಂದ. ಅರ್ಧ ದಾರಿಯಲ್ಲಿ ಗಂಟಲು ಒಣಗಿತೆಂದು ಬಾಟಲಿಯ ಮುಚ್ಚಳ ತಿರುಗಿಸಿ ನೀರು ಕುಡಿದ. ಕುಡಿದಾದ ಮೇಲೆ ಅದು ಯಾರ ನೀರು ಎಂಬುದು ಹೊಳೆಯಿತು.

ಅಂಗಡಿಯಲ್ಲಿ ಅಂದು ಅವನು ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದುಕೊಂಡು, ಗಡಿಯಾರಗಳಿಗೆ ಬೆನ್ನು ಹಾಕಿ ಕೂತ. ಆದರೂ ನಡುವಿನ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಎರಡು ಗಂಟೆಯಾಯಿತು. ಈಗ ಅವಳು ಹೊದಿಕೆ ಮಡಿಸಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಇಳಿಯಲು ಕಾಯುತ್ತಿರುತ್ತಾಳೆ ಎಂದುಕೊಂಡ. 'ಅಷ್ಟೊಂದು ಜನ ಇರ್ತಾರೆ, ಯಾರಾದ್ರೂ ಹೇಳ್ತಾರೆ. ಅವಳೇನು ಮಗುವಾ?' ಎಂದು ತನಗೆ ತಾನೇ ಹೇಳಿಕೊಂಡ. ಮೂರಾಯಿತು. ನಾಲ್ಕಾಯಿತು. ಒಬ್ಬ ಗಿರಾಕಿ ಬಂದು, "ಯಜಮಾನ್ರೇ, ಇಲ್ಲಿಂದ ಅಲ್ಲಿಗೆ ಎಷ್ಟು ಹೊತ್ತಾಗುತ್ತೆ?" ಎಂದು ನಕ್ಷೆಯ ಮೇಲೆ ಬೆರಳಿಟ್ಟ. ಅವನಿಗೆ ಕೇಳಿಸಲೇ ಇಲ್ಲ. ತಾನು ಎದ್ದು ಬಾತ್‌ರೂಮಿಗೆ ಹೋಗಬೇಕೆನಿಸಿದರೂ ಏನೋ ಮೊಂಡುತನದಿಂದ ಸಂಜೆಯವರೆಗೆ ಕೂತೇ ಇದ್ದ. ಅದರಿಂದ ಅಕ್ಕನಿಗೆ ಬಂದ ಲಾಭವೇನು? ಏನೂ ಇಲ್ಲ. ಹೇಳಬೇಕಾದಾಗ ಹೇಳದವರು ಆಮೇಲೆ ಪಡುವ ಕಷ್ಟಗಳೆಲ್ಲ ಇಂಥವೇ, ತಮ್ಮ ಸಮಾಧಾನಕ್ಕೆ.

ರಾತ್ರಿ 'ತಲುಪಿದಳು' ಎಂಬ ಒಂದು ಪದದ ಸಂದೇಶ ಬಂತು. ಮಾರನೆಯ ದಿನ ನಾಲ್ಕರ ಹೊತ್ತಿಗೆ ಅಂಗಡಿಯಲ್ಲಿದ್ದಾಗ ತಂಗಿಯ ಫೋನು. ಕಿವಿ ಸ್ವಲ್ಪ ಮಂದವಾದ್ದರಿಂದ ಅವನು ಯಾವಾಗಲೂ ಸ್ಪೀಕರು ಹಾಕಿಯೇ ಮಾತಾಡುತ್ತಿದ್ದ. ಮಗಳು ಕಂಪ್ಯೂಟರಿನ ಮುಂದಿದ್ದಳು.

"ಅಣ್ಣಾ, ಯಾವನೋ ಅವನು, ಅಕ್ಕನಿಗೆ ನಾಲ್ಕು ಗಂಟೆ ಅಂತ ಹೇಳಿದ್ದು?"

ಅವನು ಮಗಳ ಕಡೆ ನೋಡಿದ.

"ಕೇಳಿದ್ರೆ ಬಾಯೇ ಬಿಡ್ತಿಲ್ಲ. ಯಾರೋ ಹೇಳಿದ್ರು ಅಂತಾಳೆ ಅಷ್ಟೆ. ನಾಲ್ಕು ಗಂಟೆ ಆದ ಕೂಡಲೇ ಶೂ ಹಾಕ್ಕೊಂಡು ರೆಡಿಯಾಗಿ ಕೂತಿದ್ದಾಳೆ ಕಣೋ. ವಿಮಾನ ಇಳೀತಿಲ್ಲ. ಪಕ್ಕದವನಿಗೆ ಕೈಸನ್ನೆ ಮಾಡಿ ಕೇಳಿದ್ದಾಳೆ. ಅವನು ಐದು ಬೆರಳು ತೋರಿಸಿದ್ದಾನೆ. ಇವಳು ಐದು ನಿಮಿಷ ಅಂದ್ಕೊಂಡಿದ್ದಾಳೆ! ಅಷ್ಟರಲ್ಲಿ ಅವನೂ ಅವನ ಆಚೆ ಕೂತವನೂ ನಿದ್ದೆ ಹೋದ್ರಂತೆ. ಕಿಟಕಿ ಮೂಲೆಯಿಂದ ಅವರನ್ನ ದಾಟಿ ಬರೋದು ಹೇಗೆ? ಇನ್ನೇನು ಇಳಿಯುತ್ತೆ, ಇನ್ನೇನು ಇಳಿಯುತ್ತೆ ಅಂತ ಹಲ್ಲು ಕಚ್ಚಿ ಕೂತಿದ್ದಾಳೆ. ಆಮೇಲೆ... ಎಲ್ಲರೂ ಇಳಿದು ಹೋದ್ರೂ ಇವಳು ಎದ್ದಿಲ್ಲ. ಕ್ಲೀನ್ ಮಾಡೋಕೆ ಬಂದ ಒಬ್ಬ ಹೆಂಗಸು ಏನೂ ಕೇಳದೆ, ಸೀಟಿನ ಕಡೆ ನೋಡದೆ, ಸೊಂಟಕ್ಕೆ ಕಂಬಳಿ ಸುತ್ತಿ, ಗಾಲಿಕುರ್ಚಿ ತರಿಸಿ ಕಳಿಸಿದ್ದಾಳೆ. ನಾನು ಹೂ ಹಿಡ್ಕೊಂಡು ನಿಂತಿದ್ದೆ ಕಣೋ. ಅಕ್ಕ ತಲೆ ಎತ್ತಲಿಲ್ಲ."

ಮಗಳ ಬೆರಳುಗಳು ಕೀಲಿಗಳ ಮೇಲೆ ನಿಂತುಹೋಗಿದ್ದವು.

"ಯಾವ ಬುದ್ಧಿಗೇಡಿ ಹೇಳಿದ್ದು ಅಂತ ನಿನಗಾದ್ರೂ ಗೊತ್ತಾ?"

ಮೈಲಿಗಲ್ಲಿನ ಬಾಯಿಂದ ಮಾತು ತಾನಾಗಿ ಬಂತು. "ಯಾರೋ ತಲೆಕೆಟ್ಟವನು ಇರಬೇಕು. ಕೆಲಸ ಇಲ್ಲದ ಜನ, ಬಾಯಿಗೆ ಬಂದದ್ದು ಹೇಳ್ತಾರೆ."

ಅಲ್ಲಿ, ಫೋನಿನ ಆಚೆ, ಅಕ್ಕನ ದನಿ ಕೇಳಿತು. ಅವಳೂ ಅದೇ ಕೋಣೆಯಲ್ಲಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಬಿಡೇ, ಬೈಬೇಡ. ಪಾಪ, ಗೊತ್ತಿಲ್ಲದೆ ಹೇಳಿರ್ತಾನೆ."

ಫೋನು ಇಟ್ಟ ಮೇಲೆ ಮಗಳು ಕೇಳಿದಳು: "ನಾನೇ ಹೇಳ್ತೀನಿ ಅಂದಿದ್ಯಲ್ಲ ಅಪ್ಪ?"

ಅವನು ಗೋಡೆಯ ನಕ್ಷೆ ನೋಡುತ್ತ ಕೂತ. ಅವತ್ತು ಅಪ್ಪನ ಚಹಾ ತರಿಸುವುದನ್ನು ಅವಳು ಮರೆತಳು, ಅಥವಾ ಮರೆಯಲಿಲ್ಲ.

ಗೊತ್ತಿಲ್ಲದೆ ಹೇಳಿರ್ತಾನೆ. ಅಕ್ಕ ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಹೋಗಲೊಲ್ಲದು. ಅಕ್ಕ ಅಲ್ಲಿದ್ದಷ್ಟು ದಿನ ಆಗಾಗ ಫೋನು ಮಾಡುತ್ತಿದ್ದಳು. ತಂಗಿಯ ಮೊಣಕಾಲು, ಅಲ್ಲಿಯ ಚಳಿ, ಕೂದಲು ಕತ್ತರಿಸುವ ಅಂಗಡಿಯಲ್ಲಿ ನಾಯಿಗಳು ಸಾಲು ಹಿಡಿದು ಕೂರುವುದು, ಎಲ್ಲ ಹೇಳುತ್ತಿದ್ದಳು. ವಿಮಾನದ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಅವನು "ಹೂಂ", "ಸರಿ" ಎಂದು ಫೋನನ್ನು ಬೇಗ ಮುಗಿಸುತ್ತಿದ್ದ. ಅಂಗಡಿಯಲ್ಲಿ ಗಿರಾಕಿಗಳು ದೂರ ಕೇಳಿದರೆ ಮಗಳ ಕಡೆ ಕೈ ತೋರಿಸುತ್ತಿದ್ದ. ಜನ "ಮೈಲಿಗಲ್ಲು ಸವೆದುಹೋಯ್ತು" ಎಂದು ನಕ್ಕರು. ವಯಸ್ಸಾಯಿತು ಅಂದುಕೊಂಡರು. ವಯಸ್ಸಿನ ಮರೆಯಲ್ಲಿ ನಮ್ಮವರು ಬಚ್ಚಿಟ್ಟುಕೊಳ್ಳುವುದು ಏನೆಲ್ಲ!

ತಂಗಿ ಕೋಲು ಬಿಟ್ಟು ನಡೆಯತೊಡಗಿದ ಮೇಲೆ ಅಕ್ಕ ಹಿಂದಿರುಗಿದಳು. ಬೆಳಿಗ್ಗೆ ಅವನೊಬ್ಬನೇ ಕರೆತರಲು ಹೋದ. ಗಾಲಿಕುರ್ಚಿ ಬರುತ್ತದೆಯೇ ಎಂದು ಅವನ ಕಣ್ಣು ನೆಲದ ಮಟ್ಟದಲ್ಲೇ ಹುಡುಕುತ್ತಿತ್ತು. ಅಕ್ಕ ತಳ್ಳುಗಾಡಿ ತಳ್ಳಿಕೊಂಡು ನೆಟ್ಟಗೆ ನಡೆದು ಬಂದಳು. ಕೈಯಲ್ಲಿ ಅರ್ಧ ಖಾಲಿಯಾದ ನೀರಿನ ಬಾಟಲಿ ಇತ್ತು.

ಟ್ಯಾಕ್ಸಿ ಹೊರಟ ಮೇಲೆ ಅವಳೇ ಶುರುಮಾಡಿದಳು. "ಈ ಸಲ ಓಡಾಡೋ ದಾರಿ ಪಕ್ಕದ ಸೀಟು ಹಾಕಿಸಿದ್ಲು ತಂಗಿ. ಮೂರು ಸಲ ಎದ್ದು ಹೋಗಿ ಬಂದೆ ಕಣೋ. ಬಿಲ್ಲೆ ಕೇಳೋರು ಯಾರೂ ಇರಲಿಲ್ಲ." ನಕ್ಕಳು. "ಮೊದಲೇ ಗೊತ್ತಿದ್ರೆ ಅವತ್ತೂ ಹೇಗಾದ್ರೂ ಎದ್ದು ಹೋಗ್ತಿದ್ದೆ. ಹೋಗಲಿ ಬಿಡು. ನೀನು ಅದನ್ನೇ ತಲೆಗೆ ಹಚ್ಕೊಂಡಿದ್ಯಾ ಅಂತ ಫೋನಲ್ಲೇ ಗೊತ್ತಾಗ್ತಿತ್ತು. ಗೊತ್ತಿಲ್ಲದೆ ಆಗಿದ್ದು."

ಇಲ್ಲಿಗೆ ಮುಗಿಸಬಹುದಾಗಿತ್ತು. ಕ್ಷಮೆ ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು. ಅವನು ಕೈ ಮುಚ್ಚಿಕೊಂಡರೆ ಸಾಕಿತ್ತು. ಎಷ್ಟೋ ಜನ ಅಷ್ಟೇ ಮಾಡುತ್ತಾರೆ, ಮಾಡಿ ಮರ್ಯಾದಸ್ಥರಾಗಿ ಸಾಯುತ್ತಾರೆ.

"ಗೊತ್ತಿತ್ತು ಅಕ್ಕ," ಎಂದ.

"ಏನು?"

"ನನಗೆ ಗೊತ್ತಿತ್ತು. ಒಂಬತ್ತೂವರೆ ಗಂಟೆ ಅಂತ."

ಅಕ್ಕ ಅವನ ಕಡೆ ತಿರುಗಿದಳು. "ಯಾವಾಗಿನಿಂದ?"

"ಹೊರಡೋ ಹಿಂದಿನ ದಿನದಿಂದ."

"ಮನೇಲಿ ಎಲ್ಲರ ಮುಂದೆ ನಾನು ಹೇಳಿದೆನಲ್ಲ, ನನ್ನ ತಮ್ಮ ಲೆಕ್ಕ ಹಾಕಿದಾನೆ ಅಂತ. ಆಗ?"

"ಗೊತ್ತಿತ್ತು."

"ನೀರಿನ ಬಾಟಲಿ ನಿನ್ನ ಕೈಗೆ ಕೊಟ್ಟೆನಲ್ಲ, ಆಗ?"

ಅವನು ತಲೆಯಾಡಿಸಿದ. ಅವತ್ತು ಎಲ್ಲರ ಮುಂದೆ ಆಡಿಸಿದ್ದೂ ಇದೇ ತಲೆ.

ಅಕ್ಕ ಕಿಟಕಿಯ ಕಡೆ ಮುಖ ಮಾಡಿದಳು. ಅಂಗಡಿಗಳು ಬಾಗಿಲು ತೆರೆಯುತ್ತಿದ್ದವು. ಒಬ್ಬ ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದ. ಅವಳು ಬೈಯಲಿಲ್ಲ, ಅಳಲಿಲ್ಲ. ಚಾಲಕ ರೇಡಿಯೋ ಸಣ್ಣದು ಮಾಡಿದ.

ಊರಿನ ಅಂಚಿಗೆ ಬಂದಾಗ ಅಕ್ಕ ಮುಂದಕ್ಕೆ ಬಗ್ಗಿ, ಚಾಲಕನಿಗೆ ಗಟ್ಟಿಯಾಗಿ ಹೇಳಿದಳು: "ಆ ಪೆಟ್ರೋಲ್ ಬಂಕಲ್ಲಿ ನಿಲ್ಲಿಸಪ್ಪ. ನಾನು ಬಾತ್‌ರೂಮಿಗೆ ಹೋಗಬೇಕು."

ಅವನ ಜೀವಮಾನದಲ್ಲಿ ಅಕ್ಕನ ಬಾಯಿಂದ, ಪರಗಂಡಸಿನ ಮುಂದೆ, ಆ ಮಾತು ಕೇಳಿದ್ದು ಅದೇ ಮೊದಲು.

ಟ್ಯಾಕ್ಸಿ ನಿಂತಿತು. ಅವಳು ಇಳಿದು, ಕೈಚೀಲವನ್ನು ಅವನ ಎದೆಗೆ ಒತ್ತಿದಳು. "ಹಿಡ್ಕೊ. ಬಾ," ಎಂದಳು. ಪುಟ್ಟ ಎನ್ನಲಿಲ್ಲ.

ಬಂಕಿನ ಹಿಂದೆ ಹೆಂಗಸರ ಬಾತ್‌ರೂಮು. ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅವನು ಹೂವಿನ ಕಸೂತಿಯ ಚೀಲ ಎದೆಗವಚಿಕೊಂಡು ಬಾಗಿಲಿನ ಎದುರು ಬಿಸಿಲಲ್ಲಿ ನಿಂತ. ಗಾಳಿ ತುಂಬಿಸುವ ಹುಡುಗರು ಅವನನ್ನು ನೋಡಿ ನಕ್ಕರು. ಲಾರಿಯವನೊಬ್ಬ, "ಏನ್ ಯಜಮಾನ್ರೇ, ಕಾವಲಾ?" ಎಂದ. ಮೈಲಿಗಲ್ಲು ಚೀಲವನ್ನು ಇನ್ನಷ್ಟು ಒತ್ತಿ ಹಿಡಿದ. ಒಳಗೆ ನಲ್ಲಿ ತಿರುಗಿಸಿದ ಸದ್ದು, ನಿಲ್ಲಿಸಿದ ಸದ್ದು, ಮತ್ತೆ ತಿರುಗಿಸಿದ ಸದ್ದು. ಅಕ್ಕನಿಗೆ ಅವಸರವಿರಲಿಲ್ಲ. ಎಷ್ಟು ಹೊತ್ತಾಗುತ್ತದೆ ಎಂದು ಅವನು ಕೇಳಲಿಲ್ಲ.